ಕೆಸರಲ್ಲಿ ಸಿಕ್ಕ ತುತ್ತೂರಿ

ಆ ಕಂದು ಚುಕ್ಕೆ ಅಲ್ಲಿ ಇರಬಾರದಾಗಿತ್ತು.

ಅಕ್ಕ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು ರೆಪ್ಪೆ ಉಜ್ಜಿಕೊಂಡಳು. ಲೆನ್ಸಿನ ಮೇಲಿನ ಧೂಳಿರಬಹುದೆಂದು ಒರೆಸಿದಳು. ಮತ್ತೆ ಬಗ್ಗಿದಳು. ಚುಕ್ಕೆ ಅಲ್ಲೇ ಇತ್ತು. ಗುಂಡಗೆ, ಬೆನ್ನ ಮೇಲೆ ಬಲೆ ಹೆಣೆದಂಥ ಗೆರೆ, ಹೊಟ್ಟೆಯ ಮೇಲೆ ಮೂರು ಕವಲಿನ ಸೀಳು. ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿದಳು. ಇನ್ನೊಂದು. ಅದರಾಚೆ ಮತ್ತೊಂದು.

ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು ಧಾರಾಳವಾಗಿತ್ತು.

ಗಾಜಿನ ಮೇಲಿದ್ದದ್ದು ಸತ್ತವನ ಶ್ವಾಸನಾಳದಿಂದ ತೆಗೆದ ಕೆಸರು. ಬುಧವಾರ ಬೆಳಿಗ್ಗೆ ಬಂದರಿನಲ್ಲಿ ತೇಲುತ್ತಿದ್ದ, ಆಳದ ಮಣ್ಣಿಗಾಗಿ ನೆಲ ಕೊರೆಯುವ ತಂಡದ ಮೇಸ್ತ್ರಿ, ಎಲ್ಲರ ಬಾಯಲ್ಲೂ ‘ಬೈರಿಗೆ’, ಕೊನೆಯ ಉಸಿರಿನೊಂದಿಗೆ ಒಳಗೆ ಎಳೆದುಕೊಂಡಿದ್ದ ಕೆಸರು. ಅವನನ್ನು ಕಟ್ಟೆಯಿಂದ ನೀರಿಗೆ ನೂಕಿದನೆಂಬ ಆರೋಪದ ಮೇಲೆ ಲಾಕಪ್ಪಿನಲ್ಲಿದ್ದವನು ಅವಳ ಬೆನ್ನಿಗೆ ಹುಟ್ಟಿದ ತಮ್ಮ. ಕೊರೆತದ ಜಾಗದಿಂದ ಈ ಪ್ರಯೋಗಾಲಯಕ್ಕೆ ಮಣ್ಣಿನ ಪೆಟ್ಟಿಗೆ ತರುವ ವ್ಯಾನಿನ ಚಾಲಕ. ಅವನು ದಿನಾ ಕೆಳಗಿನಿಂದ ‘ಅಕ್ಕಾ’ ಎಂದು ಕೂಗಿ ಕೂಗಿಯೇ ಅವಳು ಇಲ್ಲಿ ಎಲ್ಲರಿಗೂ ಅಕ್ಕನಾಗಿದ್ದಳು.

ಸ್ವಲ್ಪ ಹೊತ್ತಿನ ಹಿಂದೆ ಇದೇ ಸ್ಲೈಡು ಅವಳ ಹೋದ ಜೀವವನ್ನು ಮರಳಿ ತಂದುಕೊಟ್ಟಿತ್ತು. ಅದರಲ್ಲಿ ತುತ್ತೂರಿ ಸಿಕ್ಕಿತ್ತು.

ತುತ್ತೂರಿ ಅವಳೇ ಇಟ್ಟ ಅಡ್ಡಹೆಸರು. ಶಾಸ್ತ್ರದ ಹೆಸರು ಇನ್ನೂ ಬಿದ್ದಿರಲಿಲ್ಲ. ಡೈನೊಫ್ಲ್ಯಾಜೆಲೇಟ್ ಎಂಬ ಒಂದೇ ಕೋಶದ ಕಡಲಜೀವಿ ಕೆಟ್ಟ ಕಾಲದಲ್ಲಿ ಗಟ್ಟಿ ಗೂಡು ಕಟ್ಟಿಕೊಂಡು ಮಲಗುತ್ತದೆ. ಒಳ್ಳೆಯ ಕಾಲ ಬಂದಾಗ ಗೂಡಿಗೆ ಒಂದು ಬಾಗಿಲು ತೆಗೆದು ಹೊರಟುಹೋಗುತ್ತದೆ. ಬಿಟ್ಟುಹೋದ ಗೂಡು ಕೋಟ್ಯಂತರ ವರ್ಷ ಮಣ್ಣಿನಲ್ಲಿ ಉಳಿಯುತ್ತದೆ. ಅಂಥ ಒಂದು ಗೂಡನ್ನು, ಈವರೆಗೆ ಯಾರೂ ವಿವರಿಸದೆ ಇದ್ದದ್ದನ್ನು, ಅವಳು ಮೂರನೇ ಕೊರೆತದ ಬೂದು ಜೇಡಿಯಲ್ಲಿ ಕಂಡಿದ್ದಳು. ಬೇರೆಲ್ಲೂ ಅದು ಸಿಕ್ಕಿರಲಿಲ್ಲ.

ಮೂರನೇ ಕೊರೆತ ಇರುವುದು ಬಂದರಿನಿಂದ ಅರ್ಧ ದಿನದ ದಾರಿಯಲ್ಲಿ. ಬೈರಿಗೆ ಕಾಣೆಯಾದ ಮಂಗಳವಾರ ಅವಳ ತಮ್ಮ ಊರು ಬಿಟ್ಟಿರಲಿಲ್ಲ. ಅದನ್ನು ಪೊಲೀಸರೇ ಒಪ್ಪಿದ್ದರು. ಬೈರಿಗೆ ಸತ್ತದ್ದು ಕೊರೆತದ ಕೆಸರಿನಲ್ಲಿ ಎಂದಾದರೆ ಕೊಂದವನು ತಮ್ಮನಲ್ಲ.

ಆದರೆ ಈ ಕಂದು ಬೀಜಕ?

ಅದು ಲೈಕೊಪೋಡಿಯಂ ಎಂಬ ಪುಟ್ಟ ಗಿಡದ್ದು. ಕಡಲಿನದಲ್ಲ, ಕೊರೆತದ್ದೂ ಅಲ್ಲ. ಡಬ್ಬಿಯದು. ಮಣ್ಣನ್ನು ಆಮ್ಲದಲ್ಲಿ ಕರಗಿಸುವ ಮೊದಲು ಈ ಬೀಜಕಗಳ ಒಂದು ಮಾತ್ರೆ ಹಾಕುವುದು ಈ ಕಸುಬಿನ ಪದ್ಧತಿ. ಮಾತ್ರೆಯಲ್ಲಿ ಎಷ್ಟು ಬೀಜಕವಿದೆ ಎಂದು ಗೊತ್ತಿರುವುದರಿಂದ, ಅದಕ್ಕೆ ಹೋಲಿಸಿ ಮಣ್ಣಿನಲ್ಲಿ ಎಷ್ಟು ಗೂಡುಗಳಿದ್ದವು ಎಂದು ಹೇಳಬಹುದು.

ಸತ್ತವನ ಕೆಸರಿಗೆ ಅವಳು ಮಾತ್ರೆ ಹಾಕಿರಲಿಲ್ಲ. ಆಮ್ಲವನ್ನೂ ಮುಟ್ಟಿಸಿರಲಿಲ್ಲ. ಹೊಸ ಜರಡಿ, ಬಾಟಲಿಯ ನೀರು, ಅಷ್ಟೇ.

ಹಾಗಾದರೆ ಬೈರಿಗೆ ಉಸಿರಾಡಿದ್ದು ಈ ಪ್ರಯೋಗಾಲಯದ ಕೈದಾಟಿದ ಕೆಸರನ್ನು. ಅಂಥ ಕೆಸರು ಇರುವುದು ಒಂದೇ ಕಡೆ: ಮೇಲಿನ ಸಿಂಕುಗಳ ನೀರೆಲ್ಲ ಇಳಿದು ನಿಲ್ಲುವ, ನೆಲಮಾಳಿಗೆಯ ಕೆಸರುಗುಂಡಿಯಲ್ಲಿ. ಕಬ್ಬಿಣದ ಮುಚ್ಚಳದ ಗುಂಡಿ, ತುಂಬಿದಾಗ ಕೆಸರನ್ನು ಹೊರಗೆ ಹಾಕುವ ಪಂಪು ಅದರ ಪಕ್ಕದಲ್ಲೇ.

ಅವಳ ಕುರ್ಚಿಯ ನೇರ ಕೆಳಗೆ.

ಆಮ್ಲದ ಕೋಣೆಯ ಫ್ಯಾನು ಮಂಗಳವಾರ ಸಂಜೆ ಸುಟ್ಟುಹೋದಂದಿನಿಂದ ಕೆಲಸ ನಿಂತಿತ್ತು. ಉಳಿದವರಿಗೆಲ್ಲ ರಜೆ. ಕಟ್ಟಡ ಬಿಕೋ ಎನ್ನುತ್ತಿತ್ತು. ಈಗ ಮೆಟ್ಟಿಲ ಮೇಲೆ ಸದ್ದು. ಕೋಲಿನ ತುದಿ, ಚಪ್ಪಲಿ. ಕೋಲಿನ ತುದಿ, ಚಪ್ಪಲಿ.

ಮೇಷ್ಟ್ರು. ಪ್ರಯೋಗಾಲಯದ ಮುಖ್ಯಸ್ಥರು, ಅವಳಿಗೆ ಕಸುಬು ಕಲಿಸಿದವರು. ನೆಲಮಾಳಿಗೆಯ ಬೀಗದ ಕೈ ಇದ್ದದ್ದು ಅವರ ಜೇಬಿನಲ್ಲಿ.

ಹೋದ ವಾರ ಬೈರಿಗೆ ಪಿಸುಮಾತಿನಲ್ಲಿ ಹೇಳಿದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು. “ಮಣ್ಣಿನ ಪೆಟ್ಟಿಗೆ ಜೊತೆ ಬೇರೆ ಏನೋ ಬರ್ತಾ ಇದೆ ಅಕ್ಕ. ಮೇಷ್ಟ್ರು ಇಲ್ಲದಾಗ ಹೇಳ್ತೀನಿ.” ಹೇಳುವ ಮೊದಲೇ ಸತ್ತ.

“ಏನಮ್ಮ, ಉಸಿರು ಹಿಡ್ಕೊಂಡು ಕೂತಿದ್ದೀಯ?” ಬಾಗಿಲಲ್ಲಿ ನಿಂತೇ ಮೇಷ್ಟ್ರು ಕೇಳಿದರು.

“ಇಲ್ಲ ಮೇಷ್ಟ್ರೇ.”

“ಕಣ್ಣು ಕೈಕೊಟ್ಟ ಮೇಲೆ ಕಿವಿ ಎರಡು ಪಾಲು ಕೆಲಸ ಮಾಡುತ್ತೆ ಕಣೇ. ನೀನು ಉಸಿರು ಬಿಡದೆ ಇದ್ರೆ ಅದೂ ಕೇಳ್ಸುತ್ತೆ.” ಅವರು ತಡಕಿ ಕುರ್ಚಿ ಎಳೆದುಕೊಂಡು ಕೂತರು. ಎರಡೂ ಕಣ್ಣಿಗೆ ಪೊರೆ. ಎದುರಿಗಿರುವವರ ಮುಖ ಅವರಿಗೆ ಬೆಳಕಿನ ಒಂದು ಉಂಡೆ, ಅಷ್ಟೇ. “ಏನು ಸಿಕ್ತು?”

“ತುತ್ತೂರಿ.”

“ತುತ್ತೂರಿನೋ ಮುಳ್ಳುಂಡೆನೋ?”

ಮುಳ್ಳುಂಡೆ ಹಳೆಯ, ಎಲ್ಲರಿಗೂ ಗೊತ್ತಿರುವ ಪ್ರಭೇದ. ದಡದ ಬಂಡೆ ಸವೆದು ಬಂದರಿನ ಕೆಸರಿಗೂ ಬಂದು ಸೇರುತ್ತದೆ. ಅವಳ ತುತ್ತೂರಿ ಮುಳ್ಳು ಸವೆದ ಮುಳ್ಳುಂಡೆಯೇ ಹೊರತು ಹೊಸದಲ್ಲ ಎಂದು ಮೇಷ್ಟ್ರು ಮೊದಲಿನಿಂದಲೂ ಹಟ ಹಿಡಿದಿದ್ದರು. ಅವರ ಮಾತು ಗೆದ್ದರೆ ಬೈರಿಗೆ ಸತ್ತದ್ದು ಬಂದರಿನಲ್ಲೇ. ತಮ್ಮನ ಕೊರಳಿಗೆ ಹಗ್ಗ.

“ಹೇಳು. ಪ್ರಕಟಣೆಗೆ ಬರೆಯೋ ಹಾಗೆ ಹೇಳು,” ಎಂದರು ಮೇಷ್ಟ್ರು. “ತಪ್ಪಿದ್ರೆ ಅಲ್ಲೇ ಕತ್ತರಿಸ್ತೀನಿ.”

ಪಕ್ಕದ ಮೈಕ್ರೋಸ್ಕೋಪಿನಲ್ಲಿ ಮೂಲಮಾದರಿ ಇತ್ತು. ಈ ಪ್ರಭೇದವೆಂದರೆ ಇದೇ ಎಂದು ಲೋಕಕ್ಕೆ ತೋರಿಸಲು ಆರಿಸಿಟ್ಟ ಒಂದೇ ಒಂದು ಗೂಡು. ಅಕ್ಕ ಒಮ್ಮೆ ಅದಕ್ಕೆ, ಒಮ್ಮೆ ಸತ್ತವನ ಕೆಸರಿಗೆ ಕಣ್ಣಿಟ್ಟು ಹೇಳತೊಡಗಿದಳು.

“ಗುಂಡಗಿದೆ, ಬುಡ ಸ್ವಲ್ಪ ಚಪ್ಪಟೆ. ಗೋಡೆ ಎರಡು ಪದರ. ಮುಳ್ಳು ಟೊಳ್ಳು, ತುದಿ ತುತ್ತೂರಿ ಬಾಯಿ ಹಾಗೆ ಅರಳಿದೆ.”

“ಮುಳ್ಳುಂಡೆದೂ ಟೊಳ್ಳೇ.”

“ಅದರ ತುದಿ ಮುಚ್ಚಿರುತ್ತೆ. ಇದು ತೆರೆದಿದೆ.”

“ಮುರಿದ್ರೂ ತೆರೆದ ಹಾಗೇ ಕಾಣುತ್ತೆ.”

“ಮುರಿದಿದ್ರೆ ಅಂಚು ಒರಟಾಗಿರ್ಬೇಕು. ಇಲ್ಲಿ ಅಂಚಿಗೆ ಸಣ್ಣ ಹಲ್ಲಿನ ಸಾಲಿದೆ. ಎಲ್ಲಾ ಮುಳ್ಳಲ್ಲೂ.”

“ಮುಳ್ಳು ನೋಡಿ ಹೊಸ ಹೆಸರಿಡೋರು ಬೇಕಾದಷ್ಟು ಜನ ಇದ್ದಾರೆ. ಬಾಗಿಲು ಹೇಳು.”

ಗೂಡಿನ ಕುಲ ತೀರ್ಮಾನವಾಗುವುದು ಜೀವಿ ಹೊರಗೆ ಹೋದ ಬಾಗಿಲಿನಿಂದ. ಅಕ್ಕ ಫೋಕಸನ್ನು ನಿಧಾನವಾಗಿ ಒಳಗಿಳಿಸಿದಳು.

“ಮುಳ್ಳುಂಡೆಗೆ ನೆತ್ತಿನೇ ಮಡಕೆ ಮುಚ್ಚಳದ ಹಾಗೆ ಪೂರ್ತಿ ಕಳಚುತ್ತೆ. ಇದರ ನೆತ್ತಿ ಭದ್ರವಾಗಿದೆ. ಬೆನ್ನ ಕಡೆ, ನೆತ್ತಿಗೂ ಸೊಂಟದ ಪಟ್ಟಿಗೂ ಮಧ್ಯೆ, ಒಂದೇ ಒಂದು ಬಿಲ್ಲೆ ಬಿದ್ದಿದೆ. ಕಿಟಕಿ ತೆಗೆದ ಹಾಗೆ.”

“ಮೂಲಮಾದರೀಲಿ?”

“ಅಲ್ಲೂ ಹಾಗೇ. ಸತ್ತವನ ಕೆಸರಲ್ಲಿ ಸಿಕ್ಕಿದ್ದರಲ್ಲೆಲ್ಲಾ ಹಾಗೇ.”

ಮೇಷ್ಟ್ರು ಕೋಲಿನ ಹಿಡಿಯನ್ನು ಬೆರಳಿನಿಂದ ತೀಡುತ್ತ ಕೂತರು. “ಕೊರೆಯೋನ ಮೂಗಲ್ಲಿ ಕೊರೆತದ ಮಣ್ಣು ಇರೋದೇನು ಮಹಾ ಅಂತ ಕೋರ್ಟಲ್ಲಿ ಕೇಳ್ತಾರೆ.”

“ಮೂಗಿನದಲ್ಲ ಮೇಷ್ಟ್ರೇ. ಶ್ವಾಸನಾಳದ ತಳದ್ದು. ನೀರಿನ ಜೊತೆ ಎಳ್ಕೊಂಡಿದ್ದಾನೆ.”

“ಸರಿ. ಬಾಗಿಲೇ ಹಾಗಿದ್ರೆ ಕುಲಾನೂ ಬೇರೆ. ನಿನ್ನ ತುತ್ತೂರಿ ಹೊಸದು. ನಾನು ಸೋತೆ.”

ಮೇಷ್ಟ್ರು ಸೋಲೊಪ್ಪಿಕೊಂಡದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ.

“ಇಷ್ಟೇ ಬರಿ,” ಎಂದರು ಮೇಷ್ಟ್ರು. “ತುತ್ತೂರಿ ಸಿಕ್ತು, ಅದು ಮೂರನೇ ಕೊರೆತದ್ದು. ನಾನೂ ಸಹಿ ಹಾಕ್ತೀನಿ. ನಿನ್ನ ತಮ್ಮ ಮನೆಗೆ ಬರ್ತಾನೆ.” ಮತ್ತೆ ಕೇಳಿದರು. “ಲೈಕೊ ಇದೆಯಾ ಅದರಲ್ಲಿ?”

ಅಕ್ಕ ಆ ಮಾತನ್ನು ಬಾಯಿಂದ ಬಿಟ್ಟಿರಲಿಲ್ಲ.

ಅವರಿಗೆ ಸ್ಲೈಡು ಕಾಣುವುದಿಲ್ಲ. ಕಂಡಿದ್ದರೂ, ಮಾತ್ರೆ ಹಾಕದ ಕೆಸರಿನಲ್ಲಿ ಆ ಬೀಜಕ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಬೈರಿಗೆ ಎಲ್ಲಿ ಮುಳುಗಿದನೆಂದು ಮೊದಲೇ ಗೊತ್ತಿದ್ದವರಿಗೆ ಬಿಟ್ಟು.

“ಸುಮ್ಮನಿದ್ದೀಯ ಅಂದ್ರೆ ಇದೆ.” ಮೇಷ್ಟ್ರು ಎದ್ದರು. ಗೋಡೆ ಹಿಡಿದು ಬಾಗಿಲಿನವರೆಗೆ ಹೋದರು. ಚಿಲಕ ಹಾಕಿದರು. “ಕೈ ಅಭ್ಯಾಸದಿಂದ ಮಾತ್ರೆ ಹಾಕ್ಬಿಟ್ಟೆ ಅಂತ ಹೇಳು. ಎಲ್ಲರಿಗೂ ಆಗೋದೇ.”

“ನಾನು ಹಾಕಿಲ್ಲ.”

“ಹಾಕಿದ್ದೀಯ.” ದನಿ ಏರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. “ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ ತಾಯಿ. ಆ ಸ್ಲೈಡು ನನ್ನ ಕೈಗೆ ಕೊಡು.”

ಚಾಚಿದ ಕೈ ಗಾಳಿಯಲ್ಲಿ ತಡಕಾಡುತ್ತ ಅವಳ ಕಡೆ ಬಂತು. ಅಕ್ಕ ಸ್ಲೈಡನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಹಿಂದೆ ಸರಿದಳು. ಬೆನ್ನಿಗೆ ಆಮ್ಲದ ಕಪಾಟು ತಗುಲಿ, ಒಳಗೆ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ಆ ಆಮ್ಲ ಕಲ್ಲನ್ನೂ ಕರಗಿಸುತ್ತದೆ. ಮೇಷ್ಟ್ರಿಗೆ ಈ ಕೋಣೆಯ ಪ್ರತಿ ಬಾಟಲಿಯ ಜಾಗ ಕಣ್ಣುಮುಚ್ಚಿದರೂ ಗೊತ್ತು.

“ಎಲ್ಲಿದ್ದೀಯ ಅಂತ ಕೇಳ್ಸುತ್ತೆ ಕಣಮ್ಮ.”

ಬಾಗಿಲು ದಬದಬ ಬಡಿಯಿತು.

“ಮೇಡಂ? ನಾನು. ಇನ್‌ಸ್ಪೆಕ್ಟರ್.”

ಅಕ್ಕ ಮೇಷ್ಟ್ರ ಕೈಯಡಿಯಿಂದ ನುಸುಳಿ ಓಡಿಹೋಗಿ ಚಿಲಕ ತೆಗೆದಳು.

ಇನ್‌ಸ್ಪೆಕ್ಟರ್ ಅವಸರದ ಮನುಷ್ಯನಲ್ಲ. ಅವಳ ಮುಖ ನೋಡಿದ, ಮೇಷ್ಟ್ರ ಚಾಚಿದ ಕೈ ನೋಡಿದ, ಚಿಲಕ ನೋಡಿದ. ಅವನ ಹಿಂದೆ ಜೀಪಿನ ಡ್ರೈವರ್ ಒಂದು ಥರ್ಮೋಕೋಲ್ ಪೆಟ್ಟಿಗೆ ಹೊತ್ತು ನಿಂತಿದ್ದ.

“ಸರ್, ಇದನ್ನ ಎಲ್ಲಿಡ್ಲಿ?” ಎಂದ ಡ್ರೈವರ್.

ಮೇಷ್ಟ್ರ ತಲೆ ಥಟ್ಟನೆ ಬಾಗಿಲ ಕಡೆ ತಿರುಗಿತು. ಮುಖ ಬಿಳಿಚಿಕೊಂಡಿತು. ಪೊಲೀಸರ ಹೆದರಿಕೆ, ಎಂದುಕೊಂಡಳು ಅಕ್ಕ.

“ಸತ್ತವನ ಕೆಸರಿನ ಎರಡನೇ ಸೀಸೆ,” ಎಂದ ಇನ್‌ಸ್ಪೆಕ್ಟರ್. “ಈ ಗೂಡು ಗುರುತಿಸೋರು ನೀವಿಬ್ಬರೇ ಅಂದ್ರು. ಆರೋಪಿಯ ಅಕ್ಕ ಅಂತ ಗೊತ್ತಿದ್ದೇ ಮೊದಲನೇದು ನಿಮಗೆ ಕೊಟ್ಟೆ. ಇದು ನನ್ನ ಕಣ್ಣೆದುರಿಗೇ ಆಗ್ಬೇಕು. ನೀವು ಸುಳ್ಳು ಹೇಳಿದ್ರೂ ಕೆಸರು ಹೇಳಲ್ವಲ್ಲ.”

“ಸರ್, ಅವನು ಬಂದರಿನಲ್ಲಿ ಸತ್ತಿಲ್ಲ.” ಮಾತು ಕಟ್ಟೆಯೊಡೆದ ನೀರಿನಂತೆ ಬಂತು. “ಕೊರೆತದಲ್ಲೂ ಅಲ್ಲ. ಇಲ್ಲೇ. ಕೆಳಗಡೆ ಕೆಸರುಗುಂಡೀಲಿ. ಬೇರೆಲ್ಲೂ ಇರೋಕೆ ಸಾಧ್ಯವೇ ಇಲ್ಲದ ಬೀಜಕ ಅವನ ಒಳಗಿದೆ. ಇವರಿಗೆ ಅದು ಗೊತ್ತಿತ್ತು. ಸ್ಲೈಡು ಕಿತ್ಕೊಳ್ಳೋಕೆ ನೋಡಿದ್ರು.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. “ಹುಚ್ಚಿ,” ಎಂದರು, ತಮಗೆ ತಾವೇ ಎಂಬಂತೆ. “ಹುಚ್ಚು ಹುಡುಗಿ.”

ಇನ್‌ಸ್ಪೆಕ್ಟರ್ ಮೂಗಿನ ತುದಿ ತಿಕ್ಕಿದ. “ಪೋಸ್ಟ್‌ಮಾರ್ಟಮ್ ಡಾಕ್ಟ್ರು ತುಟಿ ಮೇಲೆ ಸಣ್ಣ ಸುಟ್ಟ ಕಲೆ ಇದೆ ಅಂದಿದ್ರು. ಬೀಡಿ ಇರ್ಬೇಕು ಅಂದ್ಕೊಂಡೆ.”

“ಬೈರಿಗೆ ಬೀಡಿ ಸೇದ್ತಿರ್ಲಿಲ್ಲ. ಗುಂಡೀಲಿ ಆಮ್ಲದ ನೀರಿರುತ್ತೆ ಸರ್.”

“ಕೆಳಗಿನ ಬೀಗದ ಕೈ ಯಾರ ಹತ್ರ?”

ಮೇಷ್ಟ್ರು ಜೇಬಿನಿಂದ ತೆಗೆದರು. ಇನ್‌ಸ್ಪೆಕ್ಟರ್ ಡ್ರೈವರಿನತ್ತ ಸನ್ನೆ ಮಾಡಿದ. “ಹೋಗಿ ಆ ಮುಚ್ಚಳದ ಹತ್ರ ನಿಲ್ಲು. ನಾನು ಬರೋವರೆಗೂ ಯಾರನ್ನೂ ಬಿಡಬೇಡ.”

“ಅವನೊಬ್ಬನೇ ಯಾಕೆ?” ಮೇಷ್ಟ್ರು ಕೀಲಿಯನ್ನು ಬಿಗಿಹಿಡಿದೇ ಕೇಳಿದರು. “ನೀವೂ ಹೋಗಿ.”

“ನನಗಿಲ್ಲಿ ಕೆಲಸ ಇದೆಯಲ್ಲ ಮೇಷ್ಟ್ರೇ.” ಇನ್‌ಸ್ಪೆಕ್ಟರ್ ಮೆಲ್ಲಗೆ ಅವರ ಬೆರಳು ಬಿಡಿಸಿ ಕೀಲಿ ತೆಗೆದು ಡ್ರೈವರಿಗೆ ಕೊಟ್ಟ.

“ಆಯ್ತು ಸರ್. ಒಂದು ನೊಣಾನೂ ಒಳಗೆ ಬಿಡಲ್ಲ,” ಎಂದು ಡ್ರೈವರ್ ಮೆಟ್ಟಿಲಿಳಿದು ಹೋದ. ಮೇಷ್ಟ್ರು ಅವನ ಬೂಟಿನ ಸದ್ದು ಸವೆಯುವವರೆಗೂ ಕಿವಿಗೊಟ್ಟು ನಿಂತಿದ್ದರು. ಆಮೇಲೆ ಕುರ್ಚಿಗೆ ಕುಸಿದರು.

ಅಕ್ಕ ಸೀಸೆಯ ಮೊಹರು ಇನ್‌ಸ್ಪೆಕ್ಟರ್ ಕೈಯಲ್ಲೇ ಒಡೆಸಿದಳು. ಜರಡಿಯನ್ನು ಪೊಟ್ಟಣದಿಂದ ಅವನೇ ತೆಗೆದ. ನೀರನ್ನು ಅವನೇ ಸುರಿದ. ಮಾತ್ರೆಯ ಡಬ್ಬಿಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಜರಡಿಯಲ್ಲಿ ಉಳಿದ ಬೂದು ಪೊರೆಯನ್ನು ಅವಳು ಗಾಜಿಗಿಳಿಸಿ ಮುಚ್ಚಿದಳು.

ಮೊದಲು ತುತ್ತೂರಿ ಕಂಡಿತು. ಬೆನ್ನಿನ ಕಿಟಕಿ ತೆರೆದು, ಹಲ್ಲಿನ ಅಂಚಿನ ಬಾಯಿಗಳನ್ನು ಸುತ್ತಲೂ ಚಾಚಿ.

ಅದರ ಪಕ್ಕದಲ್ಲೇ ಕಂದು ಬೀಜಕ.

“ನೋಡಿ ಸರ್.” ಅವಳು ಜಾಗ ಬಿಟ್ಟುಕೊಟ್ಟಳು. “ಹಳೇ ಡಬ್ಬಿದಾದ್ರೆ ತಿಳಿ ಹಳದಿ ಇರ್ತಿತ್ತು. ಇದು ಕಂದು. ಹೊಸ ಡಬ್ಬಿದು. ಅದನ್ನ ಒಡೆದದ್ದು ಮಂಗಳವಾರ ಮಧ್ಯಾಹ್ನ. ಹೇಗಿದೆ ನೋಡೋಣ ಅಂತ ಮಾತ್ರೆ ಕರಗಿಸಿ, ನೋಡಿ, ಉಳಿದದ್ದನ್ನ ಸಿಂಕಿಗೆ ಸುರಿದದ್ದು. ಸಂಜೆ ಫ್ಯಾನು ಸುಟ್ಟಿತು. ಆಮೇಲೆ ಇಲ್ಲಿಂದ ಏನೂ ಇಳಿದಿಲ್ಲ.”

“ಸುರಿದವರು ಯಾರು?”

“ನಾನೇ.”

ಹೇಳಿದ ಮೇಲೆ ಆ ಮಾತಿನ ಅರ್ಥ ಅವಳಿಗೆ ತಾಗಿತು. ಅವಳು ಬೀಕರು ಬಗ್ಗಿಸಿದಾಗ ಬೈರಿಗೆ ಇನ್ನೂ ಉಸಿರಾಡುತ್ತಿದ್ದ. ಆಮೇಲೆ ಆ ನೀರನ್ನೇ ಕುಡಿದು ಸತ್ತ. ಅವಳು ಸಿಂಕಿನ ಅಂಚು ಹಿಡಿದುಕೊಂಡಳು. ಸಿಂಕಿನ ಕಪ್ಪು ಬಾಯಿ ಅವಳನ್ನೇ ನೋಡುತ್ತಿದ್ದಂತಿತ್ತು.

“ಮಂಗಳವಾರ ಮಧ್ಯಾಹ್ನ ಮೇಷ್ಟ್ರು ಎಲ್ಲಿದ್ರು?”

ಅವಳು ಮೇಷ್ಟ್ರ ಕುರ್ಚಿಯ ಕಡೆ ತಿರುಗಿದಳು.

ಅವತ್ತು ಮೇಷ್ಟ್ರು ಇದೇ ಕುರ್ಚಿಯಲ್ಲಿದ್ದರು. ಅವಳು ತುತ್ತೂರಿಯ ಚಿತ್ರ ಬರೆಯುತ್ತ ಒಂದೊಂದು ಬಿಲ್ಲೆಯನ್ನೂ ಹೇಳುತ್ತಿದ್ದಳು, ಅವರು ತಪ್ಪು ಹುಡುಕುತ್ತಿದ್ದರು. ಸಂಜೆ ಅವರ ಕೈ ಹಿಡಿದು ಕರೆದೊಯ್ದು ಮಗಳ ಊರಿನ ರೈಲು ಹತ್ತಿಸಿದವಳೂ ಅವಳೇ. ಅವರು ವಾಪಸು ಬಂದದ್ದು ಹೆಣ ಸಿಕ್ಕಿದ ಮೇಲೆ.

“ನನ್ನ ಪಕ್ಕದಲ್ಲೇ,” ಎಂದಳು ಸಣ್ಣ ದನಿಯಲ್ಲಿ.

“ರೈಲಿನ ವಿಚಾರ ನಾನೂ ನೋಡ್ಕೊಂಡಿದ್ದೀನಿ.” ಇನ್‌ಸ್ಪೆಕ್ಟರ್ ಡಬ್ಬಿಯನ್ನು ಮೇಜಿನ ಮೇಲಿಟ್ಟ. “ಬೀಗ ಹಾಕೋದು ಸಂಜೆ ಮೇಲೆ ತಾನೇ? ಹಗಲು ಪೆಟ್ಟಿಗೆ ಇಳಿಸೋಕೆ ಹಿಂದಿನ ಶಟರ್ ತೆರೆದಿರುತ್ತೆ. ಅಲ್ವಾ?”

“ಹೌದು.”

“ಹೆಣಾನ ಇಲ್ಲಿಂದ ಬಂದರಿಗೆ ಸಾಗಿಸೋಕೆ ಗಾಡಿ ಬೇಕು.”

ಮಣ್ಣಿನ ಪೆಟ್ಟಿಗೆ ತರುವ ವ್ಯಾನು ಅವಳ ಕಣ್ಣ ಮುಂದೆ ಬಂತು.

“ನಿಮ್ಮ ತಮ್ಮ ಹೇಳಿಕೇಲಿ ಏನಂದಿದ್ದಾನೆ ಗೊತ್ತಾ? ಮಂಗಳವಾರ ವ್ಯಾನು ತೆಗೀಲೇ ಇಲ್ಲ, ಇಡೀ ಮಧ್ಯಾಹ್ನ ಮನೇಲಿ ಮಲಗಿದ್ದೆ ಅಂತ.” ಇನ್‌ಸ್ಪೆಕ್ಟರ್ ಮೃದುವಾಗಿಯೇ ಕೇಳಿದ. “ಅವತ್ತು ಕೆಳಗೆ ಯಾರಾದ್ರೂ ಇದ್ರಾ ಮೇಡಂ?”

ಮನೆಯಲ್ಲಿ ಮಲಗಿದ್ದನೇ?

ದಿನಾ ಕೇಳುವ ದನಿಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಗಡಿಯಾರದ ಟಿಕ್‌ಟಿಕ್‌ನಂತೆ ಅದು ಕಿವಿಗೆ ಬಿದ್ದು ಹೋಗಿತ್ತು. ಈಗ ಮರಳಿ ಬಂತು. ಮಂಗಳವಾರ. ಅವಳು ಬೀಕರು ಖಾಲಿ ಮಾಡಿ ನಲ್ಲಿ ತಿರುಗಿಸಿದ್ದಳು. ಮೆಟ್ಟಿಲ ಕೆಳಗಿನಿಂದ ತಮ್ಮನ ದನಿ, ಎಂದಿಗಿಂತ ಜೋರಾಗಿ.

“ಅಕ್ಕಾ! ಮೇಲಿಂದ ನೀರು ಬಿಡಬೇಡ!”

ಪೈಪು ಕಟ್ಟಿಕೊಂಡಿರಬೇಕೆಂದು ಅವಳು ನಲ್ಲಿ ನಿಲ್ಲಿಸಿ, “ಆಯ್ತೋ!” ಎಂದು ಕೂಗಿ, ಮತ್ತೆ ಚಿತ್ರಕ್ಕೆ ಕೂತಿದ್ದಳು.

ಗುಂಡಿಯಿಂದ ಸತ್ತವನನ್ನು ಎತ್ತುವವನೂ ಹಾಗೆಯೇ ಕೂಗುತ್ತಾನೆ. ಮುಳುಗಿಸುವವನೂ.

ಹಟ ಹಿಡಿದು ಸತ್ಯ ಹೊರಗೆಳೆದವಳು ಅವಳೇ. ತುತ್ತೂರಿಯಲ್ಲಿಗೇ ನಿಲ್ಲಿಸಿದ್ದರೆ ಇವತ್ತು ಸಂಜೆ ಅವನು ಮನೆಯಲ್ಲಿರುತ್ತಿದ್ದ. ಮೇಷ್ಟ್ರು ಕೈ ಚಾಚಿದ್ದು ಯಾಕೆಂದು ಈಗ ಅವಳಿಗೆ ತಿಳಿಯಿತು. ಅವರೂ ಅವತ್ತು ಆ ದನಿ ಕೇಳಿದ್ದರು.

“ಯಾರೂ ಇರ್ಲಿಲ್ಲ ಸರ್,” ಎಂದಳು ಅಕ್ಕ.

“ಖಂಡಿತಾ?”

“ಖಂಡಿತಾ.”

“ಅವಳು ಸುಳ್ಳು ಹೇಳ್ತಿದ್ದಾಳೆ,” ಎಂದರು ಮೇಷ್ಟ್ರು.

ಅಕ್ಕ ಅವರ ತೋಳು ಹಿಡಿದುಕೊಂಡಳು. “ಮೇಷ್ಟ್ರೇ, ನಿಮ್ಮ ದಮ್ಮಯ್ಯ...”

“ಸುಮ್ನಿರು. ಇಷ್ಟು ಹೊತ್ತು ನಾನೂ ಮುಚ್ಚಿಟ್ಟೆ. ಇನ್ನು ಮುಚ್ಚಿಟ್ರೆ ನಿನ್ನ ತಮ್ಮ ಉಳಿಯಲ್ಲ.” ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅವರು ಎದ್ದರು. “ಕೆಳಗೆ ಇಬ್ಬರಿದ್ರು ಇನ್‌ಸ್ಪೆಕ್ಟರೇ. ಒಬ್ಬ ಇವಳ ತಮ್ಮ. ನೀರು ಬಿಡಬೇಡ ಅಂತ ಕೂಗಿದ. ಆಗ ಇನ್ನೊಬ್ಬ ಅವನ ಬಾಯಿ ಮುಚ್ಚಿಸಿದ. ‘ಇನ್ನೊಂದ್ಸಲ ಅಕ್ಕಾ ಅಂದ್ರೆ ಮುಂದಿನ ಸರದಿ ಅವಳದ್ದೇ’ ಅಂದ. ಮೆಲ್ಲಗೆ ಅಂದ. ನನಗೆ ಕೇಳಿಸ್ತು.”

“ಯಾವನು ಅವನು?”

“ಇವತ್ತಿನವರೆಗೂ ಗೊತ್ತಿರ್ಲಿಲ್ಲ. ಮುಖ ಆಗಿದ್ರೆ ತಪ್ತಿದ್ದೆ. ದನಿ ತಪ್ಪಲ್ಲ.” ಮೇಷ್ಟ್ರ ಕುರುಡು ಕಣ್ಣು ಬಾಗಿಲಿನ ಕಡೆಗಿತ್ತು. “ಈಗ ಕಾವಲಿಗೆ ಅಂತ ಕೆಳಗೆ ಯಾರನ್ನ ಕಳಿಸಿದ್ರಿ?”

ಇನ್‌ಸ್ಪೆಕ್ಟರ್ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ಅಲ್ಲಿಗೇ ನಿಂತಿತು.

ಕೆಳಗಡೆ ಕಬ್ಬಿಣದ ಮುಚ್ಚಳ ನೆಲಕ್ಕೆ ಉಜ್ಜಿದ ಸದ್ದು ಕೇಳಿಸಿತು. ಅದರ ಬೆನ್ನಿಗೇ, ಮಂಗಳವಾರದಿಂದ ಸುಮ್ಮನಿದ್ದ ಕೆಸರುಗುಂಡಿಯ ಪಂಪು ಗುಂಯ್ ಎಂದು ಶುರುವಾಯಿತು. ಸಿಂಕಿನ ಬಾಯಿಯಲ್ಲಿ ನೀರು ಗೊಳಗೊಳ ಎಂದಿತು.